ಹೊಗೆ ಕುಡಿದ ತೊಗಟೆ

ಅವರ ಹತ್ತೂ ಬೆರಳುಗಳ ತುದಿ ನುಣ್ಣಗಿದ್ದವು. ಗೆರೆಗಳೇ ಇರಲಿಲ್ಲ. ದಾಂಡೇಲಿಯಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಲೇಜಿಗೆ ಬೆರಳಚ್ಚಿನ ಹಾಜರಿ ಯಂತ್ರ ಬಂದಾಗ ಅದು ಎಲ್ಲರನ್ನೂ ಗುರುತಿಸಿತು, ನಮ್ಮ ಲ್ಯಾಬಿನ ಅಟೆಂಡರನ್ನು ಮಾತ್ರ ಗುರುತಿಸಲಿಲ್ಲ. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಒಂದೊಂದೇ ಬೆರಳು ಒತ್ತುತ್ತಿದ್ದರು. ಹತ್ತೂ ಮುಗಿದ ಮೇಲೆ, "ಇಷ್ಟ ವರ್ಷ ದುಡದೇನಿ, ಈ ಡಬ್ಬಿಗೆ ನಾ ಯಾರಂತ ಗೊತ್ತಿಲ್ಲ ನೋಡ್ರಿ" ಎಂದು ನಕ್ಕು, ರಿಜಿಸ್ಟರಿನಲ್ಲಿ ಸಹಿ ಮಾಡಿ ಒಳಗೆ ಬರುತ್ತಿದ್ದರು.

ಮೊದಲು ಕಾಗದದ ಮಿಲ್ಲಿನ ಲ್ಯಾಬಿನಲ್ಲಿ, ಆಮೇಲೆ ನಮ್ಮಲ್ಲಿ, ಬದುಕೆಲ್ಲ ಗಾಜು ತೊಳೆದ ಕೈ ಅದು. ಗ್ಲೌಸ್ ಕೊಟ್ಟರೆ ಕಪಾಟಿನಲ್ಲಿಟ್ಟುಬಿಡುತ್ತಿದ್ದರು. "ಗಾಜು ಸ್ವಚ್ಛ ಆತೋ ಇಲ್ಲೋ, ರಬ್ಬರಿಗೆ ಹೆಂಗ ಗೊತ್ತಾಗತೈತ್ರಿ?" ಎನ್ನುತ್ತಿದ್ದರು. ಎಲ್ಲರಿಗೂ ಅವರು ಚಾಚಾ. ಲ್ಯಾಬಿನ ಒಂದು ಕಡ್ಡಿಪೆಟ್ಟಿಗೆಯನ್ನೂ ಮನೆಗೆ ಒಯ್ದವರಲ್ಲ. ರದ್ದಿ ಪೇಪರು ಬೇಕಾದರೂ ನನ್ನನ್ನು ಕೇಳಿಯೇ ಮಡಚಿಕೊಳ್ಳುತ್ತಿದ್ದರು.

ಮಿಲ್ಲಿನಿಂದ ತಂದ ಇನ್ನೊಂದು ರೂಢಿಯಿತ್ತು. ಯಾವ ಪ್ರಯೋಗಕ್ಕೆ ಬಟ್ಟಲು ಜೋಡಿಸಿದರೂ ಒಂದನ್ನು ಬೇರೆ ಇಡುತ್ತಿದ್ದರು. ಉಳಿದವಕ್ಕೆ ಹಾಕಿದ್ದೆಲ್ಲ ಅದಕ್ಕೂ ಬೀಳಬೇಕು, ಮದ್ದು ಮಾತ್ರ ಬೀಳಬಾರದು. ಪುಸ್ತಕದಲ್ಲಿ ಅದಕ್ಕೆ ಬ್ಲ್ಯಾಂಕ್ ಎನ್ನುತ್ತೇವೆ. ಅವರ ಬಾಯಲ್ಲಿ ಅದು ಖಾಲಿ ಬಟ್ಲ. "ತುಂಬಿದ ಬಟ್ಲ ನಿಮ್ಮ ಮನಸಿನಂಗ ಮಾತಾಡತೈತಿ, ಮೇಡಮ್ಮಾರ. ಖಾಲಿ ಬಟ್ಲ ಸುಳ್ಳು ಹೇಳಂಗಿಲ್ಲ." ವಿದ್ಯಾರ್ಥಿಗಳು ಹಿಂದಿನಿಂದ ಅಣಕಿಸುತ್ತಿದ್ದರು. ನಾನೂ ಒಂದೆರಡು ಸಲ ನಕ್ಕಿದ್ದೇನೆ.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ನಮ್ಮ ಕಾಡಿನ ಗಿಡಮರಗಳ ಸಾರ ತೆಗೆದು, ಅದು ಹೊಟ್ಟೆಯ ಜಂತುಗಳನ್ನು ಕೊಲ್ಲುತ್ತದೆಯೇ, ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆಯೇ ಎಂದು ನೋಡುವ ಕೆಲಸ. ಸಣ್ಣ ಲ್ಯಾಬು, ಸಣ್ಣ ಉಪಾಯ. ಜಂತುವಿನ ಬದಲು ಎರೆಹುಳು, ಕ್ಯಾನ್ಸರ್ ಕೋಶದ ಬದಲು ಉಳ್ಳಾಗಡ್ಡಿಯ ಬೇರಿನ ತುದಿ. ಅಲ್ಲಿಯ ಕೋಶಗಳೂ ಭರಭರನೆ ಒಡೆದು ಬೆಳೆಯುತ್ತವೆ. ಸಾರಕ್ಕೆ ಬೇರಿನ ಬೆಳವಣಿಗೆ ನಿಂತರೆ ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕು, ಅಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುತ್ತಾರೆ. ಮೂರು ವರ್ಷ ಯಾವ ಸಾರಕ್ಕೂ ಹುಳುವೂ ಬೇರೂ ಜಗ್ಗಲಿಲ್ಲ.

ನಾಲ್ಕನೆಯ ಮಳೆಗಾಲದಲ್ಲಿ ಜೋಯಿಡಾ ಕಡೆಯ ಒಬ್ಬ ಅಜ್ಜಿ ಒಂದು ಮರದ ತೊಗಟೆ ಕೊಟ್ಟಳು. ಮರದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರಾದರೂ ಕೆತ್ತಿ ಕುದಿಸಿ ಕುಡಿಯುತ್ತಾರೆ, ನಮ್ಮ ಜನ ನನಗೆ ಗೊತ್ತು. ಆ ಸಾರದಲ್ಲಿ ಎರೆಹುಳುಗಳು ಇಪ್ಪತ್ತು ನಿಮಿಷಕ್ಕೆ ಸೆಟೆದವು. ಉಳ್ಳಾಗಡ್ಡಿ ಬೇರು ನಿಂತೇಹೋಯಿತು. ಹೊರಗಿನ ಲ್ಯಾಬಿನಿಂದ ಉತ್ತರ ಬಂತು: ಕ್ಯಾನ್ಸರ್ ಕೋಶಗಳೂ ಸತ್ತಿವೆ. ನಾನು ಇಡೀ ಕಾಲೇಜಿಗೆ ಪೇಢೆ ಹಂಚಿದೆ.

ಚಾಚಾ ಪೇಢೆ ಹಿಡಿದುಕೊಂಡೇ ನಿಂತಿದ್ದರು. ಅವರ ಹೆಂಡತಿಗೆ, ಅಂದರೆ ಚಾಚಿಗೆ, ಎದೆಯಲ್ಲಿ ಕ್ಯಾನ್ಸರ್ ಗಂಟಾಗಿ ಆಪರೇಶನ್ ಆಗಿತ್ತು. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಕೀಮೋದ ಸಲೈನ್ ಹಚ್ಚಿಸಿಕೊಳ್ಳಬೇಕು. ಎರಡು ಸಲ ಆಗಿತ್ತು, ನಾಲ್ಕು ಉಳಿದಿತ್ತು. ಕೂದಲು ಹೋಗಿ, ವಾಂತಿ ನಿಲ್ಲದೆ, ಸತ್ತರೂ ಇನ್ನು ಹುಬ್ಬಳ್ಳಿಗೆ ಬರುವುದಿಲ್ಲ ಎಂದು ಆಕೆ ಹಟ ಹಿಡಿದಿದ್ದು ನನಗೂ ಗೊತ್ತಿತ್ತು.

"ಮೇಡಮ್ಮಾರ, ಇದನ್ನ ಮನಶ್ಯಾರಿಗೆ ಕೊಡಾಕ ಎಷ್ಟ ದಿನಾ ಬೇಕ್ರಿ?"

"ವರ್ಷಗಟ್ಲೆ ಬೇಕು, ಚಾಚಾ."

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಗೆದ್ದ ಹುರುಪು. "ಆದ್ರ ಹಳ್ಯಾಗ ಕುದಿಸಿ ಕುಡಿತಾರ, ಏನೂ ಆಗಂಗಿಲ್ಲ" ಎಂದು ಹಿಡಿ ತೊಗಟೆಯನ್ನು ಪೇಪರಿನಲ್ಲಿ ಕಟ್ಟಿ ನಾನೇ ಅವರ ಕೈಗಿಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು.

ಮರುದಿನ ಬಾಗಿಲು ತೆಗೆಯುವ ಮೊದಲೇ ಅದೇ ಪೊಟ್ಟಣ ಹಿಡಿದು ಬಂದು ನಿಂತಿದ್ದರು.

"ಕುದಸಬೇಕಂತ ಬಿಚ್ಚಿದೆ. ನಮ್ಮ ಮನ್ಯಾಗ ಗ್ಯಾಸ್ ಐತ್ರಿ. ಒಲಿ ವಾಸನಿ ಎಲ್ಲಿಂದ ಬರಬೇಕು?"

ಮೂಸಿದೆ. ಹೌದು, ಹೊಗೆ. ಲ್ಯಾಬಿನ ಆ್ಯಸಿಡ್ಡು ಸ್ಪಿರಿಟ್ಟುಗಳ ನಡುವೆ ನನ್ನ ಮೂಗಿಗೆ ಅದು ಹತ್ತಿರಲೇ ಇಲ್ಲ. ಜೋಯಿಡಾದ ಮಳೆಯಲ್ಲಿ ಬೀಜ, ಒಣಮೀನು, ಕಸಬರಿಗೆ ಎಲ್ಲವನ್ನೂ ಒಲೆಯ ಮೇಲೆ ತೂಗುಹಾಕುತ್ತಾರೆ. ಬೂಸ್ಟು ಹಿಡಿಯಬಾರದೆಂದು ಆ ಅಜ್ಜಿ ತೊಗಟೆಯನ್ನೂ ಅಲ್ಲೇ ತೂಗುಹಾಕಿ, ಒಣಗಿಸಿ, ಪ್ರೀತಿಯಿಂದ ಕೊಟ್ಟಿದ್ದಳು.

"ಬ್ಲ್ಯಾಂಕ್ ಇಟ್ಟೇವಲ್ಲ, ಚಾಚಾ!" ಎಂದು ರೇಗಿದೆ.

"ನೀರಿಂದು ಇಟ್ಟೀರಿ. ಹೊಗಿದು ಇಟ್ಟಿಲ್ಲ."

ಆ ದಿನವೇ ಫಿಲ್ಟರ್ ಪೇಪರಿನ ಒಂದು ಕಟ್ಟು ನನ್ನಿಂದ ಕೇಳಿ ಪಡೆದು ಜೋಯಿಡಾ ಬಸ್ಸು ಹತ್ತಿದರು. ಅಜ್ಜಿಯ ಒಲೆಯ ಮೇಲೆ ತೊಗಟೆ ಇದ್ದ ಜಾಗದಲ್ಲೇ ಕಾಗದ ತೂಗುಹಾಕಿದರು. ಇತ್ತ ಚಾಚಿಯ ಹುಬ್ಬಳ್ಳಿ ತಾರೀಖು ಹತ್ತಿರ ಬರುತ್ತಿತ್ತು. ಆಕೆಯದು ಒಂದೇ ಮಾತು: ಆ ಕಷಾಯ ಕೊಡು, ನಾನು ಬರುವುದಿಲ್ಲ. ತಾರೀಖಿಗೆ ಎರಡು ದಿನ ಇರುವಾಗ ಚಾಚಾ ಕಾಗದ ತಂದರು. ಬೆಳ್ಳಗಿದ್ದದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ತೊಗಟೆಗೆ ಮಾಡಿದಂತೆಯೇ ಅದರ ಸಾರ ತೆಗೆದು ಎರೆಹುಳು ಬಿಟ್ಟೆವು.

ಬರೀ ಕಾಗದಕ್ಕೆ ಯಾವ ಔಷಧಿ ಗುಣ? ಇಪ್ಪತ್ತೈದು ನಿಮಿಷಕ್ಕೆ ಹುಳುಗಳು ಸೆಟೆದವು.

ನನ್ನೆದುರು ಯಾವತ್ತೂ ಕೂರದವರು ಅಂದು ಸ್ಟೂಲಿನ ಮೇಲೆ ಕೂತುಬಿಟ್ಟರು. "ತೊಗಟಿ ಅಲ್ರಿ. ಹೊಗಿ ಕೊಂದೈತಿ" ಎಂದರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ನನ್ನ ಪಿಎಚ್.ಡಿ. ಮಣ್ಣುಪಾಲಾಯಿತು ಎನ್ನುವುದಷ್ಟೇ ತಲೆಯಲ್ಲಿತ್ತು. ಆ ತೊಗಟೆ ನಿಜವಾಗಲಿ ಎಂದು ನನಗಿಂತ ಹೆಚ್ಚು ಬಯಸಿದವರು ಅವರು, ಅದನ್ನು ಸುಳ್ಳು ಮಾಡುವ ಕಾಗದವನ್ನು ತಾವೇ ಹೊತ್ತು ತಂದಿದ್ದರು ಎಂಬುದು ಹೊಳೆದದ್ದು ಎಷ್ಟೋ ದಿನದ ಮೇಲೆ. ಈಗಲೂ ನಾಚಿಕೆಯಾಗುತ್ತದೆ.

ತಾರೀಖಿನ ದಿನ ಮೊದಲ ಬಸ್ಸಿಗೆ ಚಾಚಿಯನ್ನು ಕರೆದುಕೊಂಡು ಹೋದರು. ಉಳಿದ ನಾಲ್ಕೂ ಆದವು. ಚಾಚಿ ಉಳಿದಳು.

ನಾನು ಮತ್ತೆ ಹಸಿ ತೊಗಟೆ ತಂದು, ಲ್ಯಾಬಿನ ಫ್ಯಾನಿನಡಿ ನೆರಳಲ್ಲಿ ಒಣಗಿಸಿ, ಮೊದಲಿನಿಂದ ಶುರುಮಾಡಿದೆ. ಎರೆಹುಳು ಒಂದಿಷ್ಟು ಮಂಕಾದವು. ಕ್ಯಾನ್ಸರ್ ಕೋಶಗಳಿಗೆ ಏನೂ ಆಗಲಿಲ್ಲ. ಅಷ್ಟನ್ನೇ ಬರೆದೆ, ಹೊಗೆಯ ಕಥೆಯನ್ನೂ ಬರೆದೆ. ತಡವಾಗಿ, ಸಣ್ಣದಾಗಿ, ಡಿಗ್ರಿ ಬಂತು. ಈ ಸಲ ಪೇಢೆ ತಂದವರು ಚಾಚಾ.

ಹೋದ ವರ್ಷ ಅವರು ತೀರಿಕೊಂಡರು. ಮಧ್ಯಾಹ್ನ ಊಟಕ್ಕೆ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರಂತೆ. ನಾನು ಹಳಿಯಾಳಕ್ಕೆ ವರ್ಗವಾಗಿದ್ದೆ, ಸುದ್ದಿ ತಿಳಿದು ಹೋಗುವಷ್ಟರಲ್ಲಿ ವಾರ ಕಳೆದಿತ್ತು. ಚಾಚಿ ಚಹಾ ಕೊಟ್ಟು ಎದುರಿಗೆ ಕೂತಳು. ನಾನು ಕೇಳದೆಯೇ ಹೇಳಿದಳು.

"ನಿಮಗ ಮಾರಿ ತೋರಸಾಕ ನಾಚಕಿ ಆಗತಿತ್ತ್ರಿ, ಅದಕ್ಕ ಕಾಲೇಜ್ ಕಡೆ ಬರಲಿಲ್ಲ. ನನ್ನ ಸಲುವಾಗಿ ನಿಮ್ಮ ತೊಗಟಿ ಕಳವು ಮಾಡ್ಯಾರಲ್ಲ."

"ಯಾರು ಹೇಳಿದ್ರು?"

"ಅವರಽ ಹೇಳಿದ್ರು. ಹೊಗಿ, ಕಾಗದಾ, ಹುಳಾ ಅಂತ ಏನೇನೋ ಹೇಳಿದ್ರು. ನನಗ ತಿಳೀಲಿಲ್ಲ, ಕಷಾಯ ಬೇಕಂದ್ರ ಬೇಕ ಅಂದೆ. ಕಡೀಕ, ಅದು ಕದ್ದ ಮಾಲು, ಹರಾಮಿಂದು, ಅದ್ರಾಗ ಬರಕತ್ ಇರಂಗಿಲ್ಲ, ಮೈಗೆ ಹತ್ತಂಗಿಲ್ಲ ಅಂದ್ರು. ಅದಕ್ಕ ಕಷಾಯ ಬಿಟ್ಟು ಹುಬ್ಬಳ್ಳಿ ಬಸ್ ಹತ್ತಿದೆ. ಸಿಟ್ಟಿಗೆ ಆರ ತಿಂಗಳಾ ಅವರಿಗೆ ಕಳ್ಳ ಅಂತನ ಕರದೆ. ಹೂಂ ಅಂತ ಓಗೊಡತಿದ್ರು."

ಚಹಾದ ಕಪ್ಪು ಕೆಳಗಿಟ್ಟೆ.

"ಚಾಚಿ, ಅವರು ಕದ್ದಿಲ್ಲ. ನಾನಽ ಕಟ್ಟಿ ಕೊಟ್ಟಿದ್ದೆ."

ಆಕೆ ಗೂಟದಲ್ಲಿ ತೂಗುತ್ತಿದ್ದ ಅವರ ಅಂಗಿಯ ಕಡೆ ತಿರುಗಿ, "ಯಾ ಅಲ್ಲಾ, ಒಂದ ಮಾತು ಹೇಳಬಾರದಿತ್ತೇನ್ರಿ?" ಎಂದು ಅದನ್ನೇ ಕೇಳಿದಳು.