ಬೇಡಪ್ಪ ‘ಬೇಕು’ ಅಂದ ದಿನ

ಎಡಗಡೆ ಕ್ರಾಪು ಮುಗಿದಿತ್ತು, ಬಲಗಡೆ ಇನ್ನೂ ಕಾಡು. ನಾನು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು, ನನ್ನ ಹೊಸ ಡೀಸೆಲ್ ಪಿಕಪ್ಪಿನ ಗುಣಗಾನ ಮಾಡುತ್ತಿದ್ದೆ. ಅದರ ಎಳೆತದ ಬಗ್ಗೆ ಹೇಳುವಾಗ ಹೊರಗೆ ಯಾರೋ “ಬೆಂಕಿ! ಬೆಂಕಿ!” ಅಂತ ಕೂಗಿದರು. ಕೂಗಲಿ ಬಿಡಿ, ಊರು ಅಂದಮೇಲೆ ಕೂಗು ಇದ್ದದ್ದೇ ಅಂತ ನಾನು ಮಾತು ಮುಂದುವರಿಸಿದೆ. ಎರಡನೆಯ ಕೂಗು ಬಂತು: “ಆ ಕರೀ ಪಿಕಪ್ ಯಾರದ್ರೀ?”

ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಬೀದಿಗೆ ಹಾರಿದೆ. ಗಾಡಿಯ ಹೊಟ್ಟೆಯಡಿಯಿಂದ ಬೆಳ್ಳನೆ ಹೊಗೆ ಏಳುತ್ತಿತ್ತು. ಪಕ್ಕದ ಪಾತ್ರೆ ಅಂಗಡಿಯವನು ಬಕೆಟ್ ನೀರು ತಂದು ಬೀಸಿ ಎರಚಿದ. ನಾನು ಅಡ್ಡ ಬಂದದ್ದರಿಂದ ಅಷ್ಟೂ ನನ್ನ ಮೇಲೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆವತ್ತಿನ ಎಮ್ಮೆ ನಾನು. ಸಾಬೂನಿನ ನೊರೆ ಮೆತ್ತಿದ ಗಿರಾಕಿಗಳೆಲ್ಲ ಹೊರಬಂದು ಸಾಲಾಗಿ ನಿಂತರು. ಬೆಂಕಿ ಇರಲಿಲ್ಲ ಅನ್ನುವುದು ಅವರಿಗೆ ಸ್ವಲ್ಪ ಬೇಸರವನ್ನೇ ಉಂಟುಮಾಡಿತು ಅಂತ ಕಾಣುತ್ತದೆ.

“ಯಾರಾದ್ರೂ ಹೋಗಿ ಬೇಡಪ್ಪನ್ನ ಕರ್ಕೊಂಡು ಬನ್ನಿ,” ಅಂದ ಕ್ಷೌರಿಕ.

ಬೇಡಪ್ಪ ಬಂದದ್ದು ಸೈಕಲ್ಲಿನಲ್ಲಿ. ಉದ್ದನೆಯ ಒಣಕಲು ಆಸಾಮಿ. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಸ್ಕ್ರೂಡ್ರೈವರ್. ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಜ್ವರ ಬಂದ ಮಗುವಿನ ಹಣೆ ನೋಡುವವರ ಹಾಗೆ ಹೊಗೆಕೊಳವೆಯ ಹತ್ತಿರ ಅಂಗೈ ಹಿಡಿದ. ಆಮೇಲೆ ನನ್ನ ತಲೆಯ ಎರಡೂ ಕಡೆ ನೋಡಿದ.

“ಏನು ಹೊರ್ತೀರಿ?”

“ಯಾರು, ನಾನಾ?”

“ಗಾಡಿಯಲ್ಲಿ.”

“ಸದ್ಯಕ್ಕೆ… ನನ್ನನ್ನೇ.”

“ಎಷ್ಟು ದೂರ?”

ನಾನು ಬಾಯಿ ತೆರೆಯುವುದರೊಳಗೆ ಕ್ಷೌರಿಕ ಬಾಗಿಲಿಂದಲೇ ಉತ್ತರ ಕೊಟ್ಟ: “ಇಲ್ಲೇ ಮೂಲೆ ಮನೆ ಅಣ್ಣ. ನಾನು ಇಲ್ಲಿಂದ ಕೂಗಿದ್ರೆ ಅವರ ಮನೆಯವರು ಅಲ್ಲಿಂದ ಓ ಅಂತಾರೆ.”

ಬೇಡಪ್ಪ ಎದ್ದು ಮಂಡಿ ಒರೆಸಿಕೊಂಡ. “ಡೀಸೆಲ್ ಮಸಿ ಉಗುಳುತ್ತೆ ಸಾರ್. ಆ ಮಸಿ ಹಿಡಿಯೋಕೆ ಕೆಳಗೊಂದು ಡಬ್ಬಿ ಇಟ್ಟಿದಾರೆ. ಹೊರೆ ಎಳೆದು ದೂರ ಓಡಿದ್ರೆ ಡಬ್ಬಿ ಕಾದು ಮಸಿ ಸುಟ್ಟುಹೋಗುತ್ತೆ. ನಾಲ್ಕು ಹೆಜ್ಜೆ ಓಡಿ ನಿಂತರೆ ಅಲ್ಲೇ ಕೂತ್ಕೊಳ್ಳುತ್ತೆ. ತುಂಬಿದ ಮೇಲೆ ಪಾಪ, ಗಾಡಿ ತಾನೇ ಬೀದೀಲಿ ನಿಂತು ಸುಟ್ಟುಕೊಳ್ಳೋಕೆ ನೋಡುತ್ತೆ. ಕೊಳ್ಳೋ ಮುಂಚೆ ನನ್ನ ಕೇಳಲಿಲ್ಲ, ಅಲ್ವಾ?”

“ಕೇಳಿದ್ರೆ ನೀವು ಬೇಡ ಅಂತೀರಿ ಅಂದ್ರು.”

“ಅದಕ್ಕೇ ಕೇಳಬೇಕಿತ್ತು.”

ನಾನು ಆ ಗಾಡಿ ಯಾಕೆ ಕೊಂಡೆ ಅಂತ ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಅವಳ ತಮ್ಮ ಒಂದು ಕೊಂಡಿದ್ದ, ಅದು ಒಂದು ಕಾರಣ. ಕೈಪಿಡಿಯಲ್ಲಿ ‘ದೊಡ್ಡ ದೋಣಿಯನ್ನೂ ಎಳೆಯಬಲ್ಲದು’ ಅಂತ ಅಚ್ಚಾಗಿತ್ತು, ಅದು ಇನ್ನೊಂದು. ನಮ್ಮೂರಿನಲ್ಲಿ ದೋಣಿ ಹಾಗಿರಲಿ, ಕಾಗದದ ದೋಣಿ ತೇಲಿಸುವಷ್ಟು ನೀರೂ ಇಲ್ಲ. ಹಾಸ್ಯ ಬರೆದು ಹೊಟ್ಟೆ ಹೊರೆಯುವ ನನ್ನ ಹತ್ತಿರ ಹೊರೆ ಅಂತ ಇದ್ದದ್ದು ಮಾರಾಟವಾಗದ ನನ್ನ ಪುಸ್ತಕಗಳ ಕಟ್ಟು ಮಾತ್ರ. ಅವು ಎಲ್ಲಿಗೂ ಹೋಗುತ್ತಿರಲಿಲ್ಲ.

ಅಂದಿನಿಂದ ಎರಡು ದಿನಕ್ಕೊಮ್ಮೆ ಬೇಡಪ್ಪನ ಶೆಡ್ಡಿಗೆ ಹೋಗಿ ಬೋರಲು ಹಾಕಿದ ಆಯಿಲ್ ಡ್ರಮ್ಮಿನ ಮೇಲೆ ಕೂರುವುದು ನನಗೆ ಅಭ್ಯಾಸವಾಯಿತು.

ಅವನ ನಿಜವಾದ ಹೆಸರು ಪಡಿತರ ಚೀಟಿಗೇ ಗೊತ್ತು. ಮೂವತ್ತೈದು ವರ್ಷ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿ ಅನ್ನ ಕಂಡವನು. ಆದರೆ ‘ಮಧ್ಯಮ ಗಾತ್ರದ ಪಿಕಪ್ ನೋಡಿದೀನಿ, ಡೀಸೆಲ್ ತಗೊಳ್ಳಲಾ?’ ಅಂತ ಯಾರೇ ಕೇಳಿದರೂ ಎರಡು ಪ್ರಶ್ನೆ ಹಾಕಿ, ಉತ್ತರ ಕೇಳಿ, “ಬೇಡಪ್ಪ” ಅಂದುಬಿಡುತ್ತಿದ್ದ. ಕೂತ ಕೊಂಬೆಯನ್ನೇ ಕಡಿಯುವವರನ್ನು ನೋಡಿದ್ದೇನೆ. ಇವನಷ್ಟು ಸಮಾಧಾನವಾಗಿ, ಗರಗಸಕ್ಕೆ ಎಣ್ಣೆ ಹಾಕಿಕೊಂಡು ಕಡಿಯುವವನನ್ನು ನೋಡಿರಲಿಲ್ಲ.

ಅದಕ್ಕೊಂದು ಹಿನ್ನೆಲೆ ಇತ್ತು. ಅವನ ಅಣ್ಣ ಲಾಂಡ್ರಿ ನಡೆಸುತ್ತಿದ್ದ. ಇಸ್ತ್ರಿ ಬಟ್ಟೆ ಮನೆಮನೆಗೆ ಮುಟ್ಟಿಸೋಕೆ ಡೀಸೆಲ್ ಪಿಕಪ್ ಕೊಳ್ಳಲಾ ಅಂತ ಕೇಳಿದಾಗ ಬೇಡಪ್ಪ, “ತಗೋ, ರಿಪೇರಿಗೆ ನಾನಿದೀನಲ್ಲ” ಅಂದಿದ್ದ. ಗಲ್ಲಿಯಿಂದ ಗಲ್ಲಿಗೆ ಓಡಾಡಿದ ಗಾಡಿ ಎರಡು ವರ್ಷಕ್ಕೆ ಮಸಿ ಕಟ್ಟಿ ಮಲಗಿತು. ಅಣ್ಣ ಬಂದು ಒಂದೇ ಮಾತು ಕೇಳಿದನಂತೆ: “ನಿನ್ನ ಶೆಡ್ಡಿಗೆ ಗಿರಾಕಿ ಆಗ್ಲಿ ಅಂತ ಹೇಳಿದ್ಯೇನೋ?” ಬೇಡಪ್ಪನಿಗೆ ಊಟ ಸೇರಲಿಲ್ಲ. ಅಣ್ಣ ಆಮೇಲೆ ರಾಜಿಯಾದ. ಆ ಪ್ರಶ್ನೆ ರಾಜಿಯಾಗಲಿಲ್ಲ.

ಶೆಡ್ಡಿನ ಇನ್ನರ್ಧ ಅವನ ಮಗಳು. ಹೊಸ ಗಾಡಿಗಳು ಸ್ಪ್ಯಾನರಿಗೆ ಬಗ್ಗುವುದಿಲ್ಲ, ಸ್ಕ್ಯಾನರಿಗೆ ಬಗ್ಗುತ್ತವೆ. ಗಾಡಿಯ ಕಾಯಿಲೆ ಬರೆದು ತೋರಿಸುವ ಆ ಯಂತ್ರದ ಸಣ್ಣಕ್ಷರ ಅಪ್ಪನ ಕಣ್ಣಿಗೆ ಕಾಣದು. ಅಪ್ಪ ಕಿವಿಗೊಟ್ಟು, “ಮೂರನೇ ಇಂಜೆಕ್ಟರ್” ಅನ್ನುತ್ತಾನೆ. ಮಗಳು ವೈರು ಚುಚ್ಚಿ ನೋಡಿ, “ಮೆಷಿನ್ನೂ ನಿನ್ನ ಮಾತು ಒಪ್ತಪ್ಪ, ಇದಕ್ಕೂ ಭಯ ಹುಟ್ಟಿಸಿದೀಯ” ಅನ್ನುತ್ತಾಳೆ. ಅವಳಿಲ್ಲದೆ ಶೆಡ್ ಒಂದು ದಿನ ನಡೆಯದು. ಅವನೂ ಅಷ್ಟೇ, ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಗದರಿಸುವವರು ಉಳಿದದ್ದು ಇವಳೊಬ್ಬಳೇ.

ಈಗ ಫಜೀತಿ ಏನೆಂದರೆ, ಶೆಡ್ಡಿಗೆ ಬೆನ್ನು ಕೊಟ್ಟು ನಿಂತ ಗಾಜಿನ ಷೋರೂಮಿನಲ್ಲಿ ಪಿಕಪ್ ಮಾರುವವನು ಇವಳ ಗಂಡ. ನಡುವೆ ಒಂದೇ ಗೋಡೆ. ಗಿರಾಕಿ ಮುಂದಿನ ಬಾಗಿಲಲ್ಲಿ ಅಳಿಯನ “ಬನ್ನಿ ಸಾರ್” ಕೇಳಿ, ಗಾಡಿ ನೋಡಿ, ಮನಸ್ಸು ಮಾಡಿ, ಕೊನೆಗೊಂದು ಮಾತು ಕೇಳೋಣ ಅಂತ ಹಿಂದಕ್ಕೆ ಬಂದು ಮಾವನ “ಬೇಡಪ್ಪ” ಕೇಳಿ ಹಾಗೇ ಮನೆಗೆ ಹೋಗುತ್ತಿದ್ದ. ಮಧ್ಯಾಹ್ನ ಮೂವರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಟೈ ಸಾರಿಗೆ ಬೀಳದಂತೆ ಅಳಿಯ ಹೆಗಲ ಮೇಲೆ ಎಸೆದುಕೊಂಡು ಕೂರುತ್ತಿದ್ದ.

ಒಂದು ಮಧ್ಯಾಹ್ನ ಅವನು ತುತ್ತು ಎತ್ತಲಿಲ್ಲ.

“ಮಾವ, ಅಂಗಳದಲ್ಲಿ ಮೂರು ಡೀಸೆಲ್ ಪಿಕಪ್ ಹೋದ ವರ್ಷದಿಂದ ಬಿಸಿಲು ಕಾಯ್ತಿವೆ. ತಿಂಗಳ ಕೊನೇಗೆ ಅವು ಹೋಗಬೇಕಂತೆ, ಇಲ್ಲಾಂದ್ರೆ ನಾನು ಹೋಗಬೇಕಂತೆ. ದೂರದ ಬ್ರಾಂಚಿಗೆ. ಒಂಬತ್ತು ಗಂಟೆ ದಾರಿ.”

ಮಗಳು ತಟ್ಟೆ ನೋಡುತ್ತಾ ಕೂತಳು. ಗಂಡ ಹೋದರೆ ಅವಳೂ ಹೋಗಬೇಕು, ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಸುಳ್ಳು ಹೇಳಿ ಅನ್ನಲ್ಲ ಮಾವ. ಸುಮ್ಮನಿರಿ. ಮೂರೇ ವಾರ.”

ಬೇಡಪ್ಪ ಬಹಳ ಹೊತ್ತು ಅಗಿದ. “ಆಯ್ತು,” ಅಂದ.

ಮರುದಿನ ದಂತವೈದ್ಯರು ಬಂದರು. “ಯಜಮಾನ್ರೇ, ಮುಂದುಗಡೆ ಡೀಸೆಲ್ ಒಂದು ನೋಡಿದೆ. ಏನಂತೀರಿ?” ಬೇಡಪ್ಪ ಮಗಳನ್ನು ನೋಡಿದ. ಡಾಕ್ಟರನ್ನು ನೋಡಿದ. ಸ್ಪ್ಯಾನರ್ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಡಾಕ್ಟರ ಮುಖ ಬಿಳಿಚಿಕೊಂಡಿತು. “ಬಾಯಿ ಬಿಟ್ಟು ಹೇಳೋಕಾಗದಷ್ಟು ಕೆಟ್ಟದಾ?” ಅಂದವರೇ ಓಟ ಕಿತ್ತರು. ಜನರ ಬಾಯಿ ಬಿಡಿಸುವುದೇ ಕಸುಬಾದ ಅವರೇ ಸೋತ ಮೇಲೆ ಉಳಿದವರ ಪಾಡೇನು! ಆ ವಾರ ನಾಲ್ಕು ಗಿರಾಕಿ ಹಾಗೇ ಹೋದರು. ಅಳಿಯ ತಲೆ ಮೇಲೆ ಕೈ ಹೊತ್ತು ಬಂದ: “ಮಾವ, ನೀವು ಮಾತಾಡಿದ್ರೇ ವಾಸಿ!”

ಎರಡನೆಯ ವಾರ ಕಲ್ಲಕ್ಕ ಬಂದಳು. ಮೆಟ್ಟಿಲು, ಹೊಸ್ತಿಲು, ಅಂಗಳಕ್ಕೆ ಹಾಸುವ ಚಪ್ಪಡಿ ಕಡಿದು ಮಾರುವ ಗಟ್ಟಿ ಹೆಂಗಸು, ಊರಿಗೆಲ್ಲ ಕಲ್ಲಕ್ಕನೇ.

“ಏನು ಹೊರ್ತೀಯಮ್ಮ?”

“ಇನ್ನೇನು ಹೂವು ಹೊರ್ತೀನಾ? ಕಲ್ಲು.”

“ಎಷ್ಟು?”

“ಸಲಕ್ಕೆ ಒಂದು ಟನ್ನು. ದಿನಕ್ಕೆ ಎರಡು ಸಲ. ಭಾನುವಾರ ಬಿಟ್ಟು.”

“ಎಷ್ಟು ದೂರ?”

“ಕ್ವಾರಿ ಗುಡ್ಡದ ಆಚೆ. ತುಂಬಿದ ಗಾಡೀಲೇ ಗುಡ್ಡ ಹತ್ತಿ ಇಳೀಬೇಕು, ನಲವತ್ತು ಕಿಲೋಮೀಟರು. ಈಗಿರೋ ಪೆಟ್ರೋಲ್ ಗಾಡಿ ಏರಿನಲ್ಲಿ ಅಳುತ್ತೆ. ಅದು ಕುಡಿಯೋದು ನೋಡಿ ನಾನು ಅಳ್ತೀನಿ.”

ಬೇಡಪ್ಪ ಸ್ಪ್ಯಾನರ್ ಕೆಳಗಿಟ್ಟ. “ನಿಂಗೆ ಡೀಸೆಲ್ಲೇ ಬೇಕು.”

ಮಗಳು ಸ್ಕ್ಯಾನರಿನಿಂದ ತಲೆಯೆತ್ತಿದಳು. ನಾನು ಡ್ರಮ್ಮಿನಿಂದ ಜಾರಿದೆ. ಗೋಡೆಯ ಆಚೆ ಏನೋ ಬಿದ್ದ ಸದ್ದಾಯಿತು. ಅದು ಷೋರೂಮಿನ ಧಣಿಯ ಕೈಯಲ್ಲಿದ್ದ ಲೋಟ ಅಂತ ಆಮೇಲೆ ತಿಳಿಯಿತು. ಕಲ್ಲಕ್ಕ ಸಂಜೆಯೊಳಗೆ ಗಾಡಿ ತಗೊಂಡು ಹೋದಳು.

ಇನ್ನು ನನ್ನ ಪಾಪದ ಭಾಗ. ಧಣಿ ನನ್ನ ಮನೆಗೇ ಬಂದು, “ತಾವು ದೊಡ್ಡ ಬರಹಗಾರರು, ಬೋರ್ಡಿಗೊಂದು ಸಾಲು ಬರೆದುಕೊಡಿ” ಅಂದರು. ಎರಡು ವರ್ಷದಿಂದ ನನ್ನನ್ನು ಯಾರೂ ಏನೂ ಬರೆದುಕೊಡಿ ಅಂದಿರಲಿಲ್ಲ. ದೊಡ್ಡ ಅನ್ನುವ ಮಾತಂತೂ ಸೊಂಟದ ವಿಷಯ ಬಿಟ್ಟರೆ ಯಾರೂ ಆಡಿರಲಿಲ್ಲ. ಬರೆದುಕೊಟ್ಟೆ. ಮೂರನೆಯ ದಿನ ಷೋರೂಮಿನ ನೆತ್ತಿಯ ಮೇಲೆ, ಆಳೆತ್ತರದ ಬೇಡಪ್ಪನ ಚಿತ್ರದ ಪಕ್ಕದಲ್ಲಿ ಅದು ಏರಿತು: ‘ಡೀಸೆಲ್ ಪಿಕಪ್. ಬೇಡಪ್ಪನೇ ಹೇಳಿದ: ಬೇಕು!’ ನನ್ನ ಬರಹಗಳಲ್ಲೆಲ್ಲ ಅತಿ ಹೆಚ್ಚು ಜನ ಓದಿದ್ದು ಅದೇ. ದಂತವೈದ್ಯರು ಆವತ್ತೇ ಬಂದು, ನಾಳೆ ಬಂದು ಗಾಡಿ ಒಯ್ಯುತ್ತೇನೆ ಅಂತ ಮಾತು ಕೊಟ್ಟರು.

ಬೇಡಪ್ಪ ಸೈಕಲ್ ನಿಲ್ಲಿಸಿ ಬೋರ್ಡ್ ಓದಿ, ನೇರ ನನ್ನ ಮನೆಗೆ ಬಂದ.

“ಇದು ನೀವು ಬರೆದದ್ದಾ ಸಾರ್?”

“ಹೂಂ. ಸುಳ್ಳೇನಿಲ್ಲವಲ್ಲ, ನೀವು ಆಡಿದ ಮಾತೇ.”

“ನಾನು ಪ್ರಶ್ನೆ ಕೇಳಿ ಆಡಿದ್ದು. ಪ್ರಶ್ನೆ ಎಲ್ಲಿ ಹೋಯ್ತು?”

“ಬೋರ್ಡಲ್ಲಿ ಜಾಗ ಇರಲಿಲ್ಲ…”

“ಕೆಳಗೆ ಎರಡಡಿ ಖಾಲಿ ಇದೆ.”

ಒಳಗಿನಿಂದ ನನ್ನ ಹೆಂಡತಿ, “ರೀ, ಅವರ ಜತೆ ಹೋಗಿ ಬಣ್ಣದ ಡಬ್ಬಿಯಾದ್ರೂ ಹಿಡ್ಕೊಳ್ಳಿ” ಅಂದಳು.

ಮರುದಿನ ಬೆಳಿಗ್ಗೆ ಷೋರೂಮಿನ ಮುಂದೆ ಏಣಿ ಬಿತ್ತು. ಬೇಡಪ್ಪ ನಂಬರ್ ಪ್ಲೇಟ್ ಬರೆಯುವ ಬ್ರಷ್ ಹಿಡಿದು ಹತ್ತಿದ. ನಾನು ಡಬ್ಬಿ ಹಿಡಿದೆ. ಏಣಿ ಹಿಡಿದವಳು ಮಗಳು. ಗಾಜಿನೊಳಗೆ ಅಳಿಯ ಟೈ ಸಡಿಲಿಸಿ ಕೂತಿದ್ದ; ಎದ್ದು ಬರಲಿಲ್ಲ, ಬೇಡ ಅನ್ನಲೂ ಇಲ್ಲ.

ನಾಲ್ಕನೆಯ ಮೆಟ್ಟಿಲಲ್ಲಿ ಬೇಡಪ್ಪ ನಿಂತ. “ನಿನ್ನ ಗಂಡನ ಕೆಲಸ.”

“ಗೊತ್ತು.”

“ಒಂಬತ್ತು ಗಂಟೆ ದಾರಿ.”

“ಗೊತ್ತಪ್ಪ.” ಅವಳು ಏಣಿಯನ್ನು ಇನ್ನಷ್ಟು ಒತ್ತಿ ಹಿಡಿದಳು. “ನೀನು ‘ಮಾತ್ರ’ ಅನ್ನೋದನ್ನ ಸ್ವಲ್ಪ ದೊಡ್ಡದಾಗಿ ಬರಿ. ರಸ್ತೆಗೆ ಕಾಣ್ಬೇಕು.”

ಅವನು ಬರೆದ: ‘ಕಲ್ಲು ಹೊರುವವರಿಗೆ ಮಾತ್ರ.’ ಇಳಿದು ಬಂದಾಗ ಅವನ ಕಣ್ಣು ಒದ್ದೆಯಾಗಿತ್ತು. ಟರ್ಪೆಂಟೈನ್ ಘಾಟು ಅಂದ. ನನಗೂ ಘಾಟು ಬಡಿದಿತ್ತು.

ಹತ್ತು ಗಂಟೆಗೆ ದಂತವೈದ್ಯರು ಬಂದರು. ಬೋರ್ಡನ್ನು ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು. ಮುಗಿಯಿತು ಕಥೆ ಅಂದುಕೊಂಡು ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವರು ಎದೆ ಉಬ್ಬಿಸಿದರು.

“ಮಾತ್ರ ಅಂದ್ರೆ? ನನ್ನ ಕೈಲಿ ಆಗಲ್ಲ ಅಂತಾನಾ?”

ಅರ್ಧ ಗಂಟೆಯಲ್ಲಿ ಗಾಡಿ ಅವರದಾಯಿತು. ಸಂಜೆ ಟೈಲರ್ ಬಂದ. ಕತ್ತರಿಗಿಂತ ಭಾರದ್ದೇನನ್ನೂ ಜನ್ಮದಲ್ಲಿ ಎತ್ತಿದವನಲ್ಲ. “ನಾನೇನು ಕಲ್ಲು ಹೊರಲಾರೆನಾ?” ಅಂತ ಮೂರನೆಯದನ್ನು ಹೊಡೆದುಕೊಂಡು ಹೋದ. ತಿಂಗಳು ಮುಗಿಯುವುದರೊಳಗೆ ಇನ್ನೂ ಹನ್ನೊಂದು ಗಾಡಿ ತರಿಸಬೇಕಾಯಿತು. ಆ ಸಾಲನ್ನು ಅಳಿಸಲು ಆಳು ಕರೆಸಿದ್ದ ಧಣಿ, ಅದೇ ಆಳಿನ ಕೈಲಿ ಅದಕ್ಕೆ ಚಿನ್ನದ ಬಣ್ಣ ಬಳಿಸಿದರು. ಅಳಿಯ ಊರಲ್ಲೇ ಉಳಿದ, ಮ್ಯಾನೇಜರೂ ಆದ. ಮಗಳು ಸ್ಕ್ಯಾನರ್ ಹಿಡಿದು ಶೆಡ್ಡಿನಲ್ಲೇ ಉಳಿದಳು. ನನ್ನ ಸಾಲಿಗೆ ಸಿಕ್ಕಿದ್ದು ದಂತವೈದ್ಯರ ಬರೀ ಮಾತು, ಬೇಡಪ್ಪನ ಸಾಲು ಹದಿಮೂರು ಗಾಡಿ ಮಾರಿತು ಅನ್ನುವುದನ್ನು ನನ್ನ ಹೆಂಡತಿ ಎಲ್ಲರಿಗೂ ಹೇಳಿದಳು. ಗಂಡಸರಿಗೆ ‘ಇದು ನಿನಗಲ್ಲ’ ಅನ್ನುವುದಕ್ಕಿಂತ ದೊಡ್ಡ ಜಾಹೀರಾತು ಇನ್ನೊಂದಿಲ್ಲ. ದೋಣಿಯಿಲ್ಲದ ನಾನು ದೋಣಿ ಎಳೆಯುವ ಗಾಡಿ ಕೊಂಡ ಗುಟ್ಟೂ ಅದೇ ಅಂತ ಆಗ ಹೊಳೆಯಿತು.

ಮೂರು ತಿಂಗಳಿಗೆ ಮಸಿ ತನ್ನ ಕೆಲಸ ಮಾಡಿತು. ಹಲ್ಲಿನ ಆಸ್ಪತ್ರೆ ಮುಂದೆ ಒಂದು ಗಾಡಿ, ಟೈಲರ್ ಅಂಗಡಿ ಮುಂದೆ ಒಂದು, ಎಲ್ಲೆಲ್ಲೂ ಬಿಳಿ ಹೊಗೆ, ಎಲ್ಲೆಲ್ಲೂ ಬಕೆಟ್ಟು. ಪಾತ್ರೆ ಅಂಗಡಿಯವನಿಗೆ ಬಕೆಟ್ ವ್ಯಾಪಾರ ಕುದುರಿತು. ಎಲ್ಲರೂ ಶೆಡ್ಡಿಗೆ ಬಂದರು. ಬೇಡಪ್ಪ ‘ಹೇಳಿದ್ದೆನಲ್ಲ’ ಅನ್ನಲಿಲ್ಲ. ಎಲ್ಲರಿಗೂ ಒಂದೇ ಔಷಧಿ ಬರೆದ: ಭಾನುವಾರ ಕಲ್ಲಕ್ಕನ ಕ್ವಾರಿಗೆ ಹೋಗಿ, ಒಂದು ಟನ್ ಕಲ್ಲು ತುಂಬಿ, ಗುಡ್ಡ ಹತ್ತಿಳಿದು ಅವಳ ಅಂಗಳಕ್ಕೆ ಹಾಕಿ. ಡಬ್ಬಿ ತಾನೇ ಕಾದು ಮಸಿ ಸುಟ್ಟುಹೋಗುತ್ತೆ.

ನಾನು ಜಾಣತನ ಮಾಡಿ ನನ್ನ ಪುಸ್ತಕಗಳನ್ನೇ ಹೇರಿಕೊಂಡು ಹೋದೆ. ಬೇಡಪ್ಪ ಇಣುಕಿ ನೋಡಿ, “ಇಷ್ಟು ಭಾರ ಸಾಲಲ್ಲ” ಅಂದ.

“ಓದಿದವರೆಲ್ಲ ಭಾರ ಅಂದಿದ್ರು.”

“ಓದಿದವರು ಎಷ್ಟು ಜನ?”

ನಾನು ಕಲ್ಲು ತುಂಬಿದೆ.

ಈಗ ಪ್ರತಿ ಭಾನುವಾರ ಹದಿನಾಲ್ಕು ಪಿಕಪ್ಪುಗಳು ಸಾಲಾಗಿ ಗುಡ್ಡ ಹತ್ತುತ್ತವೆ. ದಂತವೈದ್ಯರು ಕೈಗವಸು ಹಾಕಿಕೊಂಡು ಚಪ್ಪಡಿ ಎತ್ತುತ್ತಾರೆ. ಟೈಲರ್ ಎತ್ತುವ ಮುಂಚೆ ಅಳತೆ ತೆಗೆಯುತ್ತಾನೆ. ಕಲ್ಲಕ್ಕ ಸ್ಟೂಲಿನ ಮೇಲೆ ಕೂತು, “ಮೂಲೆ ಮುಕ್ಕಾದೀತು, ಹುಷಾರು ಡಾಕ್ಟ್ರೇ, ಅದು ಹಲ್ಲಲ್ಲ” ಅನ್ನುತ್ತಾಳೆ. ಇಳಿಸಿದ ಮೇಲೆ ನಾವೇ ಅವಳಿಗೆ ಥ್ಯಾಂಕ್ಸ್ ಹೇಳುತ್ತೇವೆ. ವಾರವೆಲ್ಲ ಓಡಿ ಅವಳು ತರುತ್ತಿದ್ದದ್ದು ಹನ್ನೆರಡು ಹೊರೆ. ನಾವು ಒಂದೇ ದಿನಕ್ಕೆ ಹದಿನಾಲ್ಕು ತರುತ್ತೇವೆ.

ಹೋದ ಭಾನುವಾರ ಕೊನೆಯ ಕಲ್ಲು ಇಳಿಸಿ, ಸೊಂಟ ಹಿಡಿದುಕೊಂಡು, ಅಂಗಳದಲ್ಲಿ ಒಂದೊಂದೇ ಗಾಡಿಗೆ ಕಿವಿಗೊಡುತ್ತಿದ್ದ ಬೇಡಪ್ಪನ ಹತ್ತಿರ ಹೋದೆ. ಪಕ್ಕದಲ್ಲಿ ಮಗಳು ಸ್ಕ್ಯಾನರ್ ಹಿಡಿದು ನಿಂತಿದ್ದಳು.

“ಬೇಡಪ್ಪನವರೇ, ಈಗಲಾದ್ರೂ ಒಂದೇ ಮಾತಲ್ಲಿ ಹೇಳಿಬಿಡಿ. ಈ ಗಾತ್ರದ ಪಿಕಪ್ಪಿಗೆ ಡೀಸೆಲ್ ಬೇಕೋ, ಬೇಡವೋ?”

ಅವನು ನಮ್ಮ ಹದಿನಾಲ್ಕು ಗಾಡಿಗಳನ್ನು ನೋಡಿದ. ಅಂಗಳದ ಮೂಲೆಯಲ್ಲಿ ಕಲ್ಲಕ್ಕನ ಡೀಸೆಲ್ ಪಿಕಪ್ ನಿಂತಿತ್ತು. ಅದರ ಗಾಜಿಗೆ ‘ಮಾರಾಟಕ್ಕಿದೆ’ ಅನ್ನುವ ಚೀಟಿ ಅಂಟಿಸಿತ್ತು.

“ನಿಮಗೆಲ್ಲ ಬೇಕು ಸಾರ್,” ಅಂದ. “ಕಲ್ಲಕ್ಕನಿಗೆ ಮಾತ್ರ ಬೇಡ.”