ಕೆಂಪು ಕಮಾನಿನ ಈಚೆ

ಈ ಸಲ ಭೋಗಿಯ ಬೆಳಿಗ್ಗೆ ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಹರಿದ ಚಾಪೆ, ಸವೆದ ಪೊರಕೆ, ಮಾವಿನ ಒಣರೆಂಬೆ ಎಲ್ಲವನ್ನೂ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಹಲ್ಲುಜ್ಜುತ್ತಾ ಹೊರಗೆ ಬಂದ ನನ್ನ ಮೂಗಿಗೆ ಹುಲ್ಲಿನ ಹೊಗೆ ಬಡಿಯಿತು. ನಿಮಗೂ ಹೀಗಾಗಿರಬಹುದು: ಕಾಲು ಇಲ್ಲೇ ಇರುತ್ತದೆ, ಉಳಿದದ್ದೆಲ್ಲ ಎಲ್ಲಿಗೋ ಹೊರಟುಹೋಗಿರುತ್ತದೆ. ಬಾಯಿ ತುಂಬ ನೊರೆ ಇಟ್ಟುಕೊಂಡು ನಾನು ಜಪಾನಿನ ಹಿಮದಲ್ಲಿ ನಿಂತಿದ್ದೆ.

ಜಪಾನ್ ಎಂದ ತಕ್ಷಣ ನನ್ನನ್ನು ದೊಡ್ಡ ವಿದ್ವಾಂಸೆ ಎಂದುಕೊಳ್ಳಬೇಡಿ. ಮಾಲೂರಿನ ಹತ್ತಿರ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನನಗೆ ತಪಾಸಣೆಯ ಕೆಲಸವಿತ್ತು. ತರಬೇತಿಗೆಂದು ನನ್ನನ್ನೂ ಜೊತೆ ಕೆಲಸದ ಯಲ್ದೂರಿನ ಮಂಜುಳಳನ್ನೂ ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲ ಅಲ್ಲಿಗೆ ಕಳಿಸಿದರು. ಹೊರಡುವ ಸ್ವಲ್ಪ ದಿನ ಮುಂಚೆಯಷ್ಟೇ ಅಪ್ಪ ತೀರಿಕೊಂಡಿದ್ದರು. ನಾನು ಹೋಗುವುದಿಲ್ಲ ಎಂದು ಹಟ ಹಿಡಿದೆ. ಅಮ್ಮ ಒಪ್ಪಲಿಲ್ಲ.

"ಇಲ್ಲಿ ಕೂತು ಏನ್ ಮಾಡ್ತೀಯಾ? ಇಬ್ರೂ ಮುಖ ಮುಖ ನೋಡ್ಕೊಂಡು ಅಳೋದಾ? ಹೋಗು. ಆದ್ರೆ ವರ್ಷ ತುಂಬೋವರ್ಗೂ ನಮಗೆ ಹಬ್ಬ ಇಲ್ಲ, ದೇವಸ್ಥಾನ ಇಲ್ಲ. ಅದೊಂದು ಜ್ಞಾಪಕ ಇಟ್ಕೋ."

ಅಳುವ ಮಾತು ಹೇಳಿದಳಲ್ಲ, ನಿಜ ಹೇಳಬೇಕೆಂದರೆ ನಾನು ಅತ್ತೇ ಇರಲಿಲ್ಲ. ಮನೆ ತುಂಬ ಜನ. ಬಂದವರಿಗೆ ಕಾಫಿ ಕೊಡುವುದರಲ್ಲೇ ದಿನಗಳು ಕಳೆದುಹೋಗಿದ್ದವು.

ನಮ್ಮ ವಸತಿಗೃಹದಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದವರು ಸಾಚಿಕೊ ಎಂಬ ಹಿರಿಯ ಹೆಂಗಸು. ಮಂಜುಳ ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿಯನ್ನು ಅನ್ನದ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ "ರುಚಿ, ರುಚಿ" ಎನ್ನುತ್ತಾ ತಿನ್ನುತ್ತಿದ್ದರು. ಜನವರಿಯ ನಡುವೆ ಒಂದು ದಿನ, "ಗುಡಿಯಲ್ಲಿ ಇವತ್ತು ಬೆಂಕಿಯ ಹಬ್ಬ, ಬನ್ನಿ" ಎಂದು ಕರೆದರು. ಅಮ್ಮನ ಮಾತು ನೆನಪಿತ್ತು. ಆದರೂ ಅಷ್ಟು ಪ್ರೀತಿಯಿಂದ ಕರೆದವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ದೂರದಿಂದ ನೋಡಿದರಾಯಿತು ಎಂದು ಹೊರಟೆ. ಇದ್ದಬದ್ದ ಸ್ವೆಟರುಗಳನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು, ತುಂಬಿದ ಗೋಣಿಚೀಲಗಳ ಹಾಗೆ ನಾವಿಬ್ಬರೂ ಅವರ ಹಿಂದೆ ಉರುಳಿಕೊಂಡು ಹೋದೆವು. ಚಳಿಗೆ ಮಂಜುಳಳ ಕನ್ನಡವೇ ಹಾರಿಹೋಗಿತ್ತು. "ಅಮ್ಮೋ, ಏಮಿ ಚಲಿರಾ ನಾಯನಾ!" ಎಂದು ದಾರಿಯುದ್ದಕ್ಕೂ ಅವಳ ತೆಲುಗು.

ಗುಡಿಯ ಮುಂದೆ ಕೆಂಪು ಬಣ್ಣದ ಮರದ ಕಮಾನು. ಬಾಗಿಲಿಲ್ಲ, ಗೋಡೆಯಿಲ್ಲ, ಎರಡು ಕಂಬ, ಮೇಲೊಂದು ತೊಲೆ. ಅದನ್ನು ದಾಟಿದರೆ ದೇವರ ಜಾಗ. ಮಂಜುಳ ದಾಟಿದಳು. ನಾನು ನಿಂತೆ. ಪಕ್ಕಕ್ಕೆ ತಿರುಗಿದರೆ ಸಾಚಿಕೊ ಕೂಡ ನಿಂತಿದ್ದರು.

ಅವರು ಕೈಚೀಲದಿಂದ ಜರಿಬಟ್ಟೆಯ ಪುಟ್ಟ ಚೀಲವೊಂದನ್ನು ತೆಗೆದರು. ಗುಡಿಯ ರಕ್ಷೆ, ವರ್ಷ ಕಳೆದ ಮೇಲೆ ಅದನ್ನು ಈ ಬೆಂಕಿಗೆ ಒಪ್ಪಿಸುವುದು ಅವರ ಪದ್ಧತಿ.

"ಇದು ನನ್ನ ಗಂಡನದು. ನೀನು ಒಳಗೆ ಹೋಗಿ ಹಾಕುತ್ತೀಯಾ? ಹೋದ ತಿಂಗಳು ಅವರು ಹೋಗಿಬಿಟ್ಟರು. ಸಾವಾದ ಮನೆಯವಳು ಈಗಲೇ ಈ ಕಮಾನು ದಾಟಬಾರದು."

ದಿನವೂ ನಗುನಗುತ್ತಾ ಬಡಿಸುತ್ತಿದ್ದ ಹೆಂಗಸು! ನಮಗೆ ಒಂದು ಸುಳಿವೂ ಇರಲಿಲ್ಲ.

"ನಾನೂ ದಾಟುವ ಹಾಗಿಲ್ಲ," ಎಂದೆ.

"ಯಾಕೆ?"

ನನ್ನ ಜಪಾನಿ ಭಾಷೆ ಕಾರ್ಖಾನೆಯಲ್ಲಿ ಕಲಿತದ್ದು. ಸಾವಿಗೆ ಅವರು ಏನನ್ನುತ್ತಾರೋ ತಿಳಿಯದೆ, ಗೋದಾಮಿನಲ್ಲಿ ಸರಕು ತೀರಿದರೆ ಹೇಳುವ ಪದವನ್ನೇ ಹೇಳಿದೆ: "ಅಪ್ಪ ಖಾಲಿಯಾದರು."

ಸಾಚಿಕೊ ನನ್ನನ್ನೇ ನೋಡಿದರು. ಆಮೇಲೆ ಅರ್ಥವಾಗಿ, ನಡು ಬಗ್ಗಿಸಿ ನಮಸ್ಕರಿಸಿದರು. ನಾನೂ ಬಗ್ಗಿದೆ. ಮಂಜುಳಳನ್ನು ಕೂಗಿ ಕರೆದು ರಕ್ಷೆಯನ್ನು ಅವಳ ಕೈಗೆ ಕೊಟ್ಟೆವು.

ಒಳಗೆ ಬಿದಿರು, ಹುಲ್ಲು, ಪೈನ್ ಕೊಂಬೆಗಳ ಗೋಪುರಕ್ಕೆ ಬೆಂಕಿ ಬಿತ್ತು. ಬಿದಿರಿನ ಗೆಣ್ಣುಗಳು ಢಮ್ಮೆಂದು ಸಿಡಿದವು. ಮೇಲಿನಿಂದ ಹಿಮ ಇಳಿಯುತ್ತಿತ್ತು, ಕೆಳಗಿನಿಂದ ಕಿಡಿಗಳು ಏರುತ್ತಿದ್ದವು. ನಡುದಾರಿಯಲ್ಲಿ ಒಂದಕ್ಕೊಂದು ಜಾಗ ಬಿಟ್ಟುಕೊಟ್ಟು ಸಾಗುತ್ತಿದ್ದವು. ಬೆಂಕಿಯ ಸುತ್ತ ನಿಂತ ಜನರ ಬೆನ್ನುಗಳಷ್ಟೇ ನಮಗೆ ಕಾಣುತ್ತಿದ್ದವು. ಅಲ್ಲೊಬ್ಬರು ಕೈ ಹಿಂದೆ ಕಟ್ಟಿಕೊಂಡು, ತಲೆ ಒಂದು ಪಕ್ಕಕ್ಕೆ ವಾಲಿಸಿ ನಿಂತಿದ್ದರು. ನಂಗಲಿಯ ಹೆದ್ದಾರಿಯ ಅಂಚಿನಲ್ಲಿ ನಿಂತು ಲಾರಿಗಳನ್ನು ನೋಡುತ್ತಿದ್ದ ಅಪ್ಪ. ಅದೇ ಭುಜ.

"ಆ ಬೂದು ಟೋಪಿಯವರು," ಸಾಚಿಕೊ ಪಿಸುಗುಟ್ಟಿದರು, "ಹಿಂದಿನಿಂದ ನಮ್ಮವರ ಹಾಗೇ ಇದ್ದಾರೆ."

"ಇಲ್ಲ, ಅವರು ನಮ್ಮಪ್ಪ," ಎಂದೆ.

ಇಬ್ಬರೂ ಕಣ್ಣು ಮಿಟುಕಿಸದೆ ಕಾದೆವು. ಆ ಮನುಷ್ಯ ತಿರುಗಿದ. ಗುಂಡು ಮುಖದ ಯಾರೋ ಅಪರಿಚಿತ. ಬಾಯಿ ತುಂಬ ತಿಂಡಿ. ಸಾಚಿಕೊಗೆ ನಗು ತಡೆಯಲಾಗಲಿಲ್ಲ, ನನಗೂ. ನಗುತ್ತಾ ನಗುತ್ತಾ ನನ್ನ ನಗು ಎಲ್ಲೋ ದಾರಿ ತಪ್ಪಿತು. ಆವತ್ತು ಅತ್ತುಬಿಟ್ಟೆ. ಸಾಚಿಕೊ ನನ್ನ ಶಾಲಿನ ಮೇಲೆ ಕೂತ ಹಿಮವನ್ನು ಕೊಡವುತ್ತಾ ನಿಂತರು. ಬಿದ್ದಷ್ಟೂ ಕೊಡವಿದರು.

ಮಂಜುಳ ಮುಖಕ್ಕೆಲ್ಲ ಮಸಿ ಬಳಿದುಕೊಂಡು, ಅದೇ ಕೆಂಡದಲ್ಲಿ ಸುಟ್ಟ ಅಕ್ಕಿಯುಂಡೆಗಳನ್ನು ಹಿಡಿದು ಬಂದಳು.

"ಹಾಕ್ದೆ ಕಣೇ, ಭಗ್ ಅಂತ ಹತ್ಕೊಳ್ತು. ಕೈ ಮುಗಿಯೋವಾಗ ನಿಮ್ಮಪ್ಪನ ಹೆಸರೂ ಹೇಳ್ಬಿಟ್ಟೆ. ಪರವಾಗಿಲ್ವಾ?"

ತಲೆಯಾಡಿಸಿದೆ. ಮೂವರೂ ಕಮಾನಿನ ಈಚೆಯೇ ನಿಂತು ಬಾಯಿ ಸುಟ್ಟುಕೊಂಡು ತಿಂದೆವು.

ಭೋಗಿಯ ಮಾರನೆಯ ದಿನ, ಸಂಕ್ರಾಂತಿಯ ಸಂಜೆ, ನಾವು ಹೆಂಗಸರೆಲ್ಲ ಎಳ್ಳು ಬೀರಲು ಹೊರಟೆವು. ಮೂಲೆಮನೆಯ ಲಲಿತಕ್ಕನ ಗಂಡ ದಸರಾ ಹೊತ್ತಿಗೆ ತೀರಿಕೊಂಡಿದ್ದರು. ಆ ಬಾಗಿಲನ್ನು ಬಿಟ್ಟು ಎಲ್ಲರೂ ಮುಂದೆ ಹೋದರು. ಹಿಂದಿನ ದಿನದ ಆ ಹೊಗೆ ಮೂಗಿಗೆ ಬಡಿಯದಿದ್ದರೆ ನಾನೂ ಹೋಗುತ್ತಿದ್ದೆನೇನೋ. ಮನೆಗೆ ಬಂದು ಎಳ್ಳಿನ ತಟ್ಟೆ ಇಟ್ಟೆ. ಬೇಯಿಸಿದ ಕಡಲೆಕಾಯಿಯನ್ನು ಡಬ್ಬಿಗೆ ತುಂಬಿಕೊಂಡು ಹೋಗಿ ಅವರ ಮೆಟ್ಟಿಲ ಮೇಲೆ ಕೂತೆ.

ಕಿಟಕಿಯಿಂದ ಅವರ ದನಿ ಬಂತು. "ನಮ್ದು ಸಾವಾಗಿರೋ ಮನೆ ಕಣಮ್ಮ. ಹಬ್ಬದ ದಿನ ಒಳಗೆ ಹೆಂಗ್ ಕರೀಲಿ?"

"ಒಳಗ್ಯಾಕಕ್ಕ? ಇಲ್ಲಿ ಇಳಿಬಿಸಿಲು ಚೆನ್ನಾಗಿದೆ. ನೀವೇ ಆಚೆ ಬನ್ನಿ."

ಆಮೇಲೆ ಚಿಲಕ ಸರಿಯಿತು. ಲಲಿತಕ್ಕ ಬಂದು ಸೆರಗು ಹೊದ್ದು ಪಕ್ಕದಲ್ಲಿ ಕೂತರು. ಒಂದು ಕಾಯಿ ಸುಲಿದು, ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಹಿಡಿದುಕೊಂಡರು.

"ಉಪ್ಪು ಜಾಸ್ತಿ ಇರ್ಬೇಕಿತ್ತು ಅವರಿಗೆ," ಎಂದು ಶುರುಮಾಡಿದರು.