ಮೆಲ್ಲ ಮಾರಾಯ್ರೇ
ತೊಂಬತ್ತರ ದಶಕದಲ್ಲಿ ನಾನಿದ್ದ ವಿಲಾಯತಿಯ ಈಸ್ಟ್ ಹ್ಯಾಮ್‌ನ ಕಟ್ಟಡದಲ್ಲಿ ಲಿಫ್ಟು ಕೆಟ್ಟೇ ಇರುತ್ತಿತ್ತು. ಮೇಲಿನ ಮನೆಯ ಮಂಗಳೂರಿನ ಅಡುಗೆಯವರು ಪ್ರತಿ ಮಹಡಿಯಲ್ಲೂ ಚೀಲ ಇಳಿಸಿ, "ಮೆಲ್ಲ ಮಾರಾಯ್ರೇ, ಮೆಲ್ಲ" ಎನ್ನುತ್ತ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಬೊಲಿವಿಯಾದ ಲಾ ಪಾಜ್ ನಗರದಲ್ಲಿ ಆರು ವರ್ಷ ಅಡುಗೆ ಮಾಡಿಕೊಂಡು ಬೀದಿಬೀದಿ ಸುತ್ತಿದವರು. ಅಷ್ಟು ಎತ್ತರದ ಊರಿನಲ್ಲಿ ಗಾಳಿಯೇ ಕಡಿಮೆಯಂತೆ.

ಒಂದು ಸಂಜೆ ಎರಡು ಶಿಫ್ಟ್ ಮುಗಿಸಿ ಬಂದ ನನ್ನ ಮುಖ ನೋಡಿ ಅವರು ಸರಿದು ಜಾಗ ಮಾಡಿದರು. ನಾನೂ ಕೂತೆ. ಅವರು ಲಾ ಪಾಜ್‌ನ ಮಾತು ತೆಗೆದರು.

"ಅಲ್ಲಿ ಮೊದಲ ದಿನವೇ ಊರು ನೋಡ್ಲಿಕ್ಕೆ ಹೋದೆ. ಗುಡ್ಡೆ ಹತ್ತುವಾಗ ಉಸಿರು ಕಟ್ಟಿತು. ಬಟಾಟೆ ಮಾರುವ ಅಜ್ಜಿ ಕೈಹಿಡಿದು ತನ್ನ ಗೋಣಿ ಮೇಲೆ ಕೂರಿಸಿದ್ಳು. ಅವಳ ಭಾಷೆ ನನಗೆ ಗೊತ್ತಿಲ್ಲ."

"ಇಲ್ಲಿ?" ಎಂದೆ.

ಅವರು ಚೀಲ ಎತ್ತಿಕೊಂಡರು. "ಇಲ್ಲಿ ಗಾಳಿ ಬೇಕಾದಷ್ಟು ಉಂಟು. ಕೂತ್ಕೋ ಅಂತ ಹೇಳುವವರು ಇಲ್ಲ."